ಗೊತ್ತಿರುವ ಪದಗಳೇ ಕೈಕೊಡುವುದು: ನಾನು ಹಳೆಯ ಇಂಗ್ಲಿಷ್ ಓದಿದ ಬಗೆ

ಹಳೆಯ ಇಂಗ್ಲಿಷ್ ಓದಲು ಕೂತವರು ಹೆದರುವುದು ಗೊತ್ತಿಲ್ಲದ ಪದಗಳಿಗೆ. ಅವುಗಳಿಂದ ಅಂಥ ತೊಂದರೆ ಏನಿಲ್ಲ. ಗೊತ್ತಿಲ್ಲದ ಪದ ಕಂಡ ಕೂಡಲೇ ಕಣ್ಣು ತಾನಾಗಿ ನಿಲ್ಲುತ್ತದೆ, ನಿಘಂಟು ತೆಗೆಯುತ್ತೇವೆ, ಅರ್ಥ ಸಿಗುತ್ತದೆ, ಮುಂದೆ ಹೋಗುತ್ತೇವೆ. ಕೈಕೊಡುವುದು ಗೊತ್ತಿರುವ ಪದಗಳು. ಐದನೇ ಕ್ಲಾಸಿನಿಂದ ನೋಡಿಕೊಂಡು ಬಂದ ಪುಟ್ಟ ಪದ, ಅದರ ಮೇಲೆ ಅನುಮಾನವೇ ಬರುವುದಿಲ್ಲ, ಹಾಗಾಗಿ ವಾಕ್ಯದ ಅರ್ಥ ತಲೆಕೆಳಗಾದರೂ ನಮಗೆ ತಿಳಿಯುವುದಿಲ್ಲ.

ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ. ಅದರಲ್ಲಿ ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿದೆ. ಇದನ್ನು ಹಿಡಿದು ಬಂದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಬಿಡಿ, ಬೇಕಾದ ಸಹಾಯ ಮಾಡಿ ಅಂತ. ಇದನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗಿ ಕೇಳಿದಳು, “ಮೇಡಂ, ಲೆಟ್ ಅಂದ್ರೆ ಬಿಡು ಅಂತ ಅಲ್ವಾ? ಬಿಡದೇ ಬಿಡಿ ಅಂತ ಬರೆದಿದ್ದಾರಾ?” ಸರಿಯಾದ ಪ್ರಶ್ನೆ. ಇಲ್ಲಿ ಲೆಟ್ ಅಂದರೆ ತಡೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಎರಡು ಬೇರೆ ಕ್ರಿಯಾಪದ ಇದ್ದವು. ಒಂದು ‘ಲ್ಯಾಟನ್’, ಅಂದರೆ ಬಿಡು. ಇನ್ನೊಂದು ‘ಲೆಟ್ಟನ್’, ಅಂದರೆ ತಡೆ, ತಡಮಾಡಿಸು. ಈಗಿನ ‘ಲೇಟ್’ ಇದೇ ಎರಡನೆಯದರ ನಂಟು. ಕಾಲ ಕಳೆದಂತೆ ಉಚ್ಚಾರಣೆ ಸವೆದು ಎರಡೂ ‘ಲೆಟ್’ ಆದವು. ಅರ್ಥ ಮಾತ್ರ ಒಂದಕ್ಕೊಂದು ಎದುರು. ಷೇಕ್ಸ್‌ಪಿಯರ್ ನಾಟಕದಲ್ಲಿ ಹ್ಯಾಮ್ಲೆಟ್ ತನ್ನ ಅಪ್ಪನ ಪ್ರೇತದ ಹಿಂದೆ ಹೊರಟಾಗ ಗೆಳೆಯರು ಹಿಡಿದುಕೊಳ್ಳುತ್ತಾರೆ. ಆಗ ಅವನು, ನನ್ನನ್ನು ‘ಲೆಟ್’ ಮಾಡಿದವನನ್ನೇ ಪ್ರೇತ ಮಾಡಿಬಿಡುತ್ತೇನೆ ಅನ್ನುತ್ತಾನೆ. ಬಿಟ್ಟವನನ್ನು ಕೊಲ್ಲುತ್ತೇನೆ ಅಂತ ಓದಿಕೊಂಡರೆ ಆ ದೃಶ್ಯವೇ ಕೆಟ್ಟಿತು. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ನೆಟ್‌ಗೆ ತಾಗಿ ಹೋದರೆ ಲೆಟ್ ಅನ್ನುತ್ತಾರಲ್ಲ, ಅದೂ ಈ ತಡೆಯ ಲೆಟ್ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ.

ಪಾಸ್‌ಪೋರ್ಟಿನ ಆ ಮಾತಿಗೆ ಕನ್ನಡ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕ್ರಯಪತ್ರಗಳಲ್ಲಿ ‘ಯಾವುದೇ ತಂಟೆ ತಕರಾರು ಇಲ್ಲದೆ’ ಅಂತ ಬರೆಯುತ್ತಾರೆ, ಅಷ್ಟೇ. ಒಂದೇ ಅರ್ಥಕ್ಕೆ ಎರಡು ಪದ ಜೋಡಿಸುವುದು ಪತ್ರ ಬರೆಯುವವರ ಹಳೆಯ ಚಾಳಿ, ಅಲ್ಲೂ ಇಲ್ಲೂ. ಇಂಗ್ಲೆಂಡಿನಲ್ಲಿ 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್, ಊರಿನವರ ಮಾತು ಇಂಗ್ಲಿಷ್ ಆಯಿತು. ಯಾರಿಗೂ ಅರ್ಥವಾಗದೆ ಉಳಿಯಬಾರದು ಅಂತಲೋ, ಒತ್ತು ಬರಲಿ ಅಂತಲೋ ಎರಡೂ ಕಡೆಯ ಪದ ಒಟ್ಟಿಗೆ ಹಾಕುವುದು ರೂಢಿಯಾಯಿತು. ‘ವಿಲ್ ಅಂಡ್ ಟೆಸ್ಟಮೆಂಟ್’ (ಉಯಿಲು), ‘ಗೂಡ್ಸ್ ಅಂಡ್ ಚಾಟಲ್ಸ್’ (ಸರಕು ಸರಂಜಾಮು) ಹೀಗೆ ಬಂದವು. ತಕರಾರು ಅರಬ್ಬಿಯಿಂದ ಬಂದ ಪದ, ಅದಕ್ಕೆ ನಾವು ತಂಟೆ ಸೇರಿಸಿಕೊಂಡೆವು.

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮಾಧ್ಯಮ. ಷೇಕ್ಸ್‌ಪಿಯರ್ ಪಾಠ ಮಾಡುವಾಗ ಗೈಡ್‌ಗಳಲ್ಲಿ ಕೊಟ್ಟ ಅರ್ಥ ಸಾಕಾಗುತ್ತಿರಲಿಲ್ಲ. ಅವರು ಅರ್ಥ ಕೊಡುವುದು ಕಷ್ಟದ ಪದಗಳಿಗೆ, ನನ್ನ ವಿದ್ಯಾರ್ಥಿಗಳು ಎಡವುತ್ತಿದ್ದುದು ಸುಲಭದ ಪದಗಳಲ್ಲಿ. ಹಾಗಾಗಿ ನನ್ನದೇ ಒಂದು ಪಟ್ಟಿ ಮಾಡಿಕೊಳ್ಳೋಣ ಅಂತ ಶುರು ಮಾಡಿದೆ. ಆಮೇಲೆ ಅದರ ಹುಚ್ಚು ಹಿಡಿದು ಇನ್ನೂ ಹಿಂದಕ್ಕೆ ಹೋದೆ.

ಮೊದಲು ಒಂದು ಗಲಿಬಿಲಿ ಬಿಡಿಸಿಕೊಳ್ಳಬೇಕು. ನಾವು ಸುಮ್ನೆ ‘ಓಲ್ಡ್ ಇಂಗ್ಲಿಷ್’ ಅಂದುಬಿಡುತ್ತೇವೆ. ಷೇಕ್ಸ್‌ಪಿಯರ್ ಓಲ್ಡ್ ಇಂಗ್ಲಿಷ್ ಅಲ್ಲ. ಅವನು ಬದುಕಿದ್ದು 1564ರಿಂದ 1616, ಕಿಂಗ್ ಜೇಮ್ಸ್ ಬೈಬಲ್ ಅನ್ನುವ ಇಂಗ್ಲಿಷ್ ಅನುವಾದ ಬಂದದ್ದು 1611. ಭಾಷೆಯ ಲೆಕ್ಕದಲ್ಲಿ ಅದು ಹೊಸ ಇಂಗ್ಲಿಷಿನ ಮೊದಲ ಹಂತ. 1400ರಲ್ಲಿ ತೀರಿಕೊಂಡ ಕವಿ ಚಾಸರ್ ನಡುವಿನವನು. 1100ರ ಸುಮಾರಿಗೆ ಮುಂಚಿನದು ಮಾತ್ರ ನಿಜವಾದ ಓಲ್ಡ್ ಇಂಗ್ಲಿಷ್. ನಮ್ಮ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಅನ್ನುವ ಹಾಗೆಯೇ. ಕಾಲವೂ ಹತ್ತಿರ ಹತ್ತಿರ. ಪಂಪ ಬರೆದದ್ದು 10ನೇ ಶತಮಾನದಲ್ಲಿ, ಓಲ್ಡ್ ಇಂಗ್ಲಿಷಿನ ಬೇವುಲ್ಫ್ ಕಾವ್ಯದ ಉಳಿದಿರುವ ಒಂದೇ ಒಂದು ಹಸ್ತಪ್ರತಿ ಸುಮಾರು 1000ನೇ ಇಸವಿಯದು. 1731ರಲ್ಲಿ ಅದಿದ್ದ ಮನೆಗೆ ಬೆಂಕಿ ಬಿದ್ದು ಹಾಳೆಗಳ ಅಂಚು ಸುಟ್ಟಿವೆ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂದಿನ ಇಂಗ್ಲಿಷ್ ಬಲ್ಲವರಿಗೆ ಬೇವುಲ್ಫ್ ಎಷ್ಟು ಅರ್ಥವಾಗುತ್ತದೋ, ಪತ್ರಿಕೆ ಓದುವ ಕನ್ನಡಿಗರಿಗೆ ಪಂಪ ಅದಕ್ಕಿಂತ ಜಾಸ್ತಿಯೇ ಅರ್ಥವಾಗುತ್ತಾನೆ ಅನ್ನುವುದು ನನ್ನ ಅಭಿಪ್ರಾಯ.

ಇದು ಯಾಕೆ ಮುಖ್ಯ ಅಂದರೆ, ಪದದ ಅರ್ಥ ಕೇಳುವ ಮುಂಚೆ ವಾಕ್ಯದ ವಯಸ್ಸು ಕೇಳಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಎಡಗಡೆ ಇಸವಿ ಇದೆ. ‘ನೈಸ್’ ಅಂತ ಬಂದರೆ ಅದು ಯಾವ ಕಾಲದ ನೈಸ್? ಮೊದಲು ಅದು ದಡ್ಡ ಅನ್ನುವ ಅರ್ಥ ಕೊಡುತ್ತಿತ್ತು, ಲ್ಯಾಟಿನ್‌ನಲ್ಲಿ ಏನೂ ತಿಳಿಯದವನು ಅಂತ. ಆಮೇಲೆ ತೀರಾ ಮಡಿವಂತಿಕೆಯವನು, ಆಮೇಲೆ ನಾಜೂಕು, ಕರಾರುವಾಕ್ಕು, ಕೊನೆಗೆ ಒಳ್ಳೆಯದು. ‘ಸಿಲ್ಲಿ’ ಇದರ ಉಲ್ಟಾ ದಾರಿ ಹಿಡಿಯಿತು. ಮೊದಲು ದೇವರ ಕೃಪೆ ಇರುವವನು, ಆಮೇಲೆ ಮುಗ್ಧ, ಆಮೇಲೆ ಅಯ್ಯೋ ಪಾಪ ಅನ್ನಿಸುವವನು, ಈಗ ಪೆದ್ದ. ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬಾರದು. ಸಂಸ್ಕೃತದ ‘ಮುಗ್ಧ’ದಲ್ಲಿ ಮಂಕಾದವನು, ತಿಳಿವಳಿಕೆ ಇಲ್ಲದವನು ಅನ್ನುವ ಅರ್ಥ ಇದೆ, ನಮ್ಮಲ್ಲಿ ಅದು ಹೊಗಳಿಕೆ. ಇನ್ನು ಕರಾವಳಿಯಲ್ಲಿ ‘ಪಾಪದವ’ ಅಂದರೆ ಪಾಪ ಮಾಡಿದವನಲ್ಲ, ಸಾಧು ಮನುಷ್ಯ.

ವಾಕ್ಯದಲ್ಲಿ ಗೊತ್ತಿರುವ ಪದವೇ ಇದೆ, ಆದರೂ ಎಲ್ಲೋ ಸ್ವಲ್ಪ ಎಡವಟ್ಟು ಅನ್ನಿಸಿತಾ? ಅಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಬೈಬಲ್‌ನ ಮೊದಲ ಅಧ್ಯಾಯದಲ್ಲೇ ಇಂಥದ್ದೊಂದು ಸಿಗುತ್ತದೆ. ದೇವರು ಮನುಷ್ಯರಿಗೆ ಗಿಡಮರ, ಹಣ್ಣುಕಾಯಿ ತೋರಿಸಿ ಇದು ನಿಮಗೆ ‘ಮೀಟ್’ ಅನ್ನುತ್ತಾನೆ. ಹಣ್ಣು ಹೇಗೆ ಮಾಂಸ ಆಗುತ್ತದೆ? ಆಗ ಮೀಟ್ ಅಂದರೆ ಯಾವುದೇ ಆಹಾರ. ಕನ್ನಡ ಬೈಬಲ್‌ನಲ್ಲಿ ಅಲ್ಲಿ ಆಹಾರ ಅಂತಲೇ ಇದೆ. ಹೀಗೆ ಕಿಂಗ್ ಜೇಮ್ಸ್ ಬೈಬಲ್ ಮತ್ತು ಕನ್ನಡ ಬೈಬಲ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. 23ನೇ ಕೀರ್ತನೆಯಲ್ಲಿ ‘ಐ ಶಲ್ ನಾಟ್ ವಾಂಟ್’ ಅಂತ ಬರುತ್ತದೆ. ನನಗೆ ಏನೂ ಬೇಡ ಅಂತಲ್ಲ, ನನಗೆ ಏನೂ ಕಡಿಮೆಯಾಗದು ಅಂತ. ಕನ್ನಡದಲ್ಲಿ ನೇರವಾಗಿ ಕೊರತೆಯ ಮಾತೇ ಇದೆ. ಮಕ್ಕಳನ್ನು ನನ್ನ ಹತ್ತಿರ ಬರಲು ‘ಸಫರ್’ ಮಾಡಿ ಅಂತ ಯೇಸು ಹೇಳುತ್ತಾನೆ, ಅಲ್ಲಿ ಸಫರ್ ಅಂದರೆ ಬಿಡಿ, ಅಡ್ಡಿ ಮಾಡಬೇಡಿ. ‘ಪ್ರಿವೆಂಟ್’ ಅಂದರೆ ಅಲ್ಲಿ ತಡೆಯುವುದಲ್ಲ, ಮುಂದಾಗಿ ಹೋಗುವುದು.

ಹಳೆಯ ಅರ್ಥ ಪೂರ್ತಿ ಮಾಯವಾಗುವುದಿಲ್ಲ, ಅಟ್ಟ ಸೇರಿದ ತಾಮ್ರದ ಕೊಡದ ಹಾಗೆ ಯಾವುದೋ ಜೋಡುಪದದಲ್ಲಿ ಕೂತಿರುತ್ತದೆ. ಇದು ನನಗೆ ಸಿಕ್ಕ ಒಳ್ಳೆಯ ಕೀಲಿ. ಮೀಟ್‌ನ ಹಳೆಯ ಅರ್ಥ ‘ಸ್ವೀಟ್‌ಮೀಟ್’ನಲ್ಲಿದೆ, ನಮ್ಮ ಮಿಠಾಯಿ ಅಂಗಡಿ ಬೋರ್ಡುಗಳಲ್ಲಿ ಈಗಲೂ ಕಾಣುತ್ತದಲ್ಲ, ಅದೇ. ‘ಕ್ವಿಕ್’ ಅಂದರೆ ಮೊದಲು ಜೀವ ಇರುವುದು ಅಂತ. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅಂದದ್ದು ಅದು ಜೀವ ಬಂದ ಬೆಳ್ಳಿಯಂತೆ ಹರಿದಾಡುತ್ತದೆ ಅಂತ. ಪ್ರಾರ್ಥನೆಯಲ್ಲಿ ‘ದಿ ಕ್ವಿಕ್ ಅಂಡ್ ದಿ ಡೆಡ್’ ಅಂದರೆ ಬದುಕಿರುವವರು, ಸತ್ತವರು. ‘ವೈಫ್’ ಅಂದರೆ ಮೊದಲು ಯಾವುದೇ ಹೆಂಗಸು, ಮದುವೆ ಆಗಿರಲೇಬೇಕು ಅಂತೇನಿಲ್ಲ. ‘ಮಿಡ್‌ವೈಫ್’ನಲ್ಲಿ ಅದು ಉಳಿದಿದೆ, ಹೆರುವ ಹೆಂಗಸಿನ ಜೊತೆಗಿರುವವಳು. ‘ವಿತ್’ ಅಂದರೆ ಓಲ್ಡ್ ಇಂಗ್ಲಿಷಿನಲ್ಲಿ ಎದುರಾಗಿ ಅಂತ. ‘ವಿತ್‌ಸ್ಟಾಂಡ್’ ಅಂದರೆ ಎದುರು ನಿಲ್ಲು. ‘ಫೈಟ್ ವಿತ್’ ಅಂದಾಗ ಜೊತೆಗೂಡಿ ಹೊಡೆದಾಟವೋ ಒಬ್ಬರಿಗೊಬ್ಬರು ಹೊಡೆದಾಟವೋ ಅಂತ ಈಗಲೂ ಗೊಂದಲ ಆಗುವುದು ಇದರಿಂದಲೇ.

ಇನ್ನು ‘ಡಿಯರ್’. ಜಿಂಕೆ. ಓಲ್ಡ್ ಇಂಗ್ಲಿಷಿನಲ್ಲಿ ‘ಡೇಓರ್’ ಅಂದರೆ ಯಾವುದೇ ಪ್ರಾಣಿ. ಜರ್ಮನ್‌ನಲ್ಲಿ ಪ್ರಾಣಿಗೆ ಈಗಲೂ ‘ಟೀಯರ್’ ಅನ್ನುತ್ತಾರೆ. ಕಿಂಗ್ ಲಿಯರ್ ನಾಟಕದಲ್ಲಿ ಹುಚ್ಚನ ವೇಷದ ಎಡ್ಗರ್, ಇಲಿ ಹೆಗ್ಗಣದಂಥ ಚಿಕ್ಕ ‘ಡಿಯರ್’ ತಿಂದು ಏಳು ವರ್ಷ ಕಳೆದೆ ಅನ್ನುತ್ತಾನೆ. ಇದನ್ನು ಪಾಠ ಮಾಡುವಾಗ ನಾನು ನಿಘಂಟಿನ ಕಡೆ ಹೋಗುವುದೇ ಇಲ್ಲ, ‘ಮೃಗ’ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಮೃಗಾಲಯದಲ್ಲಿ ಹುಲಿಯೂ ಮೃಗ, ಆನೆಯೂ ಮೃಗ. ಆದರೆ ಕಸ್ತೂರಿ ಮೃಗ ಅಂದಾಗ? ಮೃಗಶಿರ ನಕ್ಷತ್ರ ಅಂದಾಗ? ಅಲ್ಲಿ ಜಿಂಕೆ. ಸಂಸ್ಕೃತದಲ್ಲೂ ಎರಡೂ ಅರ್ಥ ಇತ್ತು. ಇಂಗ್ಲಿಷಿನಲ್ಲಿ ಪ್ರಾಣಿ ಹೋಗಿ ಜಿಂಕೆ ಉಳಿಯಿತು, ಕನ್ನಡದ ಮಾತಿನಲ್ಲಿ ಜಿಂಕೆ ಹಿಂದೆ ಸರಿದು ಪ್ರಾಣಿ ಮುಂದೆ ಬಂತು. ಹೀಗೆ ಒಂದು ಸಾರಿ ಹೇಳಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

‘ಸೆಲ್’ ಪದಕ್ಕೂ ಹೀಗೇ ಕನ್ನಡದ ದಾರಿ ಇದೆ. ‘ಸೆಲ್ಲನ್’ ಅಂದರೆ ಮೊದಲು ಬರೀ ಕೊಡು ಅಂತ, ಮಾರು ಅನ್ನುವುದು ಆಮೇಲೆ. ನಾವು ಸಂತೆಯಲ್ಲಿ “ಬದನೆಕಾಯಿ ಹೇಗೆ ಕೊಟ್ಟೆ?” ಅಂತ ಕೇಳುತ್ತೇವೆಯೇ ಹೊರತು ಹೇಗೆ ಮಾರಿದೆ ಅಂತ ಕೇಳುವುದಿಲ್ಲ. ‘ಪ್ರೆಸೆಂಟ್ಲಿ’ ಅಂದರೆ ಷೇಕ್ಸ್‌ಪಿಯರ್ ಕಾಲದಲ್ಲಿ ಈ ಕ್ಷಣವೇ ಅಂತ, ಆಮೇಲೆ ಅದು ‘ಇನ್ನು ಸ್ವಲ್ಪ ಹೊತ್ತಿಗೆ’ ಆಯಿತು. ‘ಸೂನ್’ ಕೂಡ ಮೊದಲು ತಕ್ಷಣ ಅಂತಲೇ ಇದ್ದದ್ದು. ಮನುಷ್ಯರು ತಕ್ಷಣ ಅಂದು ತಡಮಾಡಿ ತಡಮಾಡಿ ಪದದ ಅರ್ಥವನ್ನೇ ಹಾಳು ಮಾಡಿದ್ದಾರೆ. ನಾವು ಮನೆಯಲ್ಲಿ ಕೂತುಕೊಂಡೇ ಫೋನಿನಲ್ಲಿ “ಬಂದೆ ಬಂದೆ” ಅನ್ನುವುದಿಲ್ಲವಾ?

ನನಗೆ ತುಂಬ ಇಷ್ಟವಾದ ಪದ ‘ಲಾರ್ಡ್’. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕೋರ್ಟಿನಲ್ಲಿ ಮೈ ಲಾರ್ಡ್, ಚರ್ಚಿನಲ್ಲಿ ಲಾರ್ಡ್, ಕ್ರಿಕೆಟ್ಟಿನಲ್ಲಿ ಲಾರ್ಡ್ಸ್ ಮೈದಾನ (ಅದು ಥಾಮಸ್ ಲಾರ್ಡ್ ಅನ್ನುವವನ ಹೆಸರು, ಬೇರೆ ವಿಷಯ). ಇಷ್ಟು ದೊಡ್ಡ ಗತ್ತಿನ ಪದದ ಒಳಗೆ ಇರುವುದು ರೊಟ್ಟಿ. ‘ಹ್ಲಾಫ್’ ಅಂದರೆ ರೊಟ್ಟಿ, ಈಗಿನ ಲೋಫ್. ‘ವೆಅರ್ಡ್’ ಅಂದರೆ ಕಾಯುವವನು, ಈಗಿನ ವಾರ್ಡ್, ವಾರ್ಡನ್. ರೊಟ್ಟಿ ಕಾಯುವವನು ಹ್ಲಾಫ್‌ವೆಅರ್ಡ್. ಅದು ಸವೆದು ಹ್ಲಾಫೋರ್ಡ್, ಆಮೇಲೆ ಲೋವರ್ಡ್, ಕೊನೆಗೆ ಲಾರ್ಡ್. ‘ಲೇಡಿ’ ಅಂದರೆ ಹ್ಲ್ಯಾಫ್‌ಡಿಯೆ, ಹಿಟ್ಟು ನಾದುವವಳು. ಈಗಿನ ‘ಡೋ’, ಅಂದರೆ ನಾದಿದ ಹಿಟ್ಟು, ಆ ಎರಡನೇ ಭಾಗದ ಸಂಬಂಧಿ. ಒಬ್ಬ ಕಾಯುತ್ತಾನೆ, ಒಬ್ಬಳು ನಾದುತ್ತಾಳೆ, ಕೆಲಸ ಯಾರಿಗೆ ಜಾಸ್ತಿ ಅಂತ ನನ್ನ ವಿದ್ಯಾರ್ಥಿನಿಯರು ಕೂಡಲೇ ಹೇಳುತ್ತಾರೆ.

ಇಲ್ಲಿಗೆ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಅತಿ ಹಳೆಯ ಕಾನೂನು ಕೆಂಟ್ ರಾಜ ಎಥೆಲ್‌ಬರ್ಟ್‌ನದು, ಸುಮಾರು 600ನೇ ಇಸವಿ. ಅದರಲ್ಲಿ ‘ಹ್ಲಾಫ್‌ಏಟ’ ಅನ್ನುವ ಪದ ಇದೆ. ರೊಟ್ಟಿ ತಿನ್ನುವವನು ಅಂತ. ಅಂದರೆ ಒಡೆಯನ ಆಶ್ರಯದಲ್ಲಿ ಇರುವ ಆಳು. ಕಾಯುವವನು ಒಡೆಯ, ತಿನ್ನುವವನು ಆಳು. ಇದನ್ನು ಓದಿದಾಗ ನನಗೆ ಕೂಡಲೇ ಹಳಗನ್ನಡದ ‘ಜೋಳವಾಳಿ’ ನೆನಪಾಯಿತು. ಒಡೆಯ ಕೊಟ್ಟ ಜೋಳ ತಿಂದದ್ದಕ್ಕೆ ಪ್ರತಿಯಾಗಿ ಆಳು ತೋರಬೇಕಾದ ನಿಷ್ಠೆಗೆ, ಬೇಕಾದರೆ ಯುದ್ಧದಲ್ಲಿ ಪ್ರಾಣ ಕೊಡುವುದಕ್ಕೆ ಆ ಮಾತು. ಅಲ್ಲಿ ರೊಟ್ಟಿ, ಇಲ್ಲಿ ಜೋಳ. ಒಂದು ಪದ ಇನ್ನೊಂದರಿಂದ ಬಂತು ಅಂತ ನಾನು ಹೇಳುತ್ತಿಲ್ಲ, ಎರಡು ಭಾಷೆಗೂ ಈ ವಿಷಯದಲ್ಲಿ ಸಂಬಂಧವೇ ಇಲ್ಲ. ಧಾನ್ಯ ಯಾರ ಕಣಜದಲ್ಲಿದೆಯೋ ಅವನೇ ಒಡೆಯ ಅನ್ನುವ ಲೋಕ ಎರಡೂ ಕಡೆ ಇತ್ತು, ಅಷ್ಟೇ. ಆದರೆ ಬೇವುಲ್ಫ್‌ನಲ್ಲಿ ಯೋಧರು ಒಡೆಯನ ಸಭೆಯಲ್ಲಿ ಉಂಡು ಕುಡಿದದ್ದನ್ನು ಯುದ್ಧದ ಹೊತ್ತಿನಲ್ಲಿ ಯಾಕೆ ನೆನಪಿಸುತ್ತಾರೆ ಅಂತ ವಿದೇಶಿ ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ನಮಗೆ ಈ ಒಂದು ಪದ ತಿಳಿಸಿಬಿಡುತ್ತದೆ. ಉಪ್ಪಿನ ಋಣ ಅನ್ನುವ ಮಾತು ನಮ್ಮಲ್ಲಿ ಈಗಲೂ ಇದೆಯಲ್ಲ.

ಕನ್ನಡದವರಿಗೆ ನಿಜವಾದ ಲಾಭ ಇರುವುದು ‘ದೌ’ ಮತ್ತು ‘ಯೂ’ನಲ್ಲಿ. ಇಂಗ್ಲಿಷ್ ಮಾಧ್ಯಮದವರು ಇದನ್ನು ಬಾಯಿಪಾಠ ಮಾಡುತ್ತಾರೆ. ದೌ ಅಂದರೆ ನೀನು, ದೀ ಅಂದರೆ ನಿನ್ನನ್ನು, ದೈ ಅಂದರೆ ನಿನ್ನ, ದೈನ್ ಅಂದರೆ ನಿನ್ನದು. ಇಷ್ಟು ಎಲ್ಲರೂ ಹೇಳುತ್ತಾರೆ. ದೌ ಅಂದರೆ ಬಹಳ ಗೌರವದ, ದೇವರಿಗೆ ಹೇಳುವ ಮಾತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉಲ್ಟಾ. ದೌ ಏಕವಚನ, ಯೂ ಬಹುವಚನ. ಫ್ರೆಂಚರ ರೂಢಿ ನೋಡಿ ಸುಮಾರು 13ನೇ ಶತಮಾನದಿಂದ ಇಂಗ್ಲಿಷಿನಲ್ಲೂ ದೊಡ್ಡವರಿಗೆ ಬಹುವಚನ ಹಾಕಲು ಶುರು ಮಾಡಿದರು. ದೇವರಿಗೆ ದೌ ಅನ್ನುವುದು ನಾವು “ನೀನೇ ಕಾಪಾಡಪ್ಪ” ಅನ್ನುವ ಹಾಗೆ, ಸಲುಗೆ.

ಹ್ಯಾಮ್ಲೆಟ್ ತಾಯಿಯ ಕೋಣೆಗೆ ಬರುವ ದೃಶ್ಯ ನೋಡಿ. ತಾಯಿ ಮಗನಿಗೆ ದೌ ಅನ್ನುತ್ತಾಳೆ: ನಿನ್ನ ಅಪ್ಪನಿಗೆ ನೀನು ಬಹಳ ನೋವು ಮಾಡಿದೆ. ಅಪ್ಪ ಅಂದರೆ ಅವಳ ಹೊಸ ಗಂಡ. ಮಗ ಯೂ ಅನ್ನುತ್ತಾನೆ: ಅಮ್ಮಾ, ನನ್ನ ಅಪ್ಪನಿಗೆ ನೀವು ಬಹಳ ನೋವು ಮಾಡಿದಿರಿ. ಅಪ್ಪ ಅಂದರೆ ಸತ್ತ ರಾಜ. ಈ ಉತ್ತರ ಕೇಳಿ ತಾಯಿಗೆ ಸಿಟ್ಟು ಬರುತ್ತದೆ. ಮುಂದಿನ ಸಾಲಿನಲ್ಲೇ ಅವಳು ದೌ ಬಿಟ್ಟು ಯೂ ಹಿಡಿಯುತ್ತಾಳೆ. ಇಂದಿನ ಇಂಗ್ಲಿಷಿಗೆ ತಂದರೆ ಎರಡೂ ಯೂ, ಆ ತಿರುವು ಮಾಯ. ಕನ್ನಡದಲ್ಲಿ ಓದಿದರೆ ಬೆನ್ನು ನೆಟ್ಟಗಾಗುತ್ತದೆ. ನಮ್ಮ ಮನೆಗಳಲ್ಲೂ ಅಮ್ಮ ಮಗನಿಗೆ ಇದ್ದಕ್ಕಿದ್ದಂತೆ “ಆಯ್ತಪ್ಪಾ, ತಾವು ಹೇಳಿದ ಮೇಲೆ ಮುಗೀತು” ಅಂದರೆ ಅದು ಗೌರವವಾ? ನಾನು ಈ ದೃಶ್ಯವನ್ನು ನೀನು, ನೀವು ಇಟ್ಟು ಕನ್ನಡದಲ್ಲಿ ಜೋರಾಗಿ ಓದಿಸಿ, ಆಮೇಲೆ ಮೂಲಕ್ಕೆ ಹೋಗುತ್ತೇನೆ. ಟಿಪ್ಪಣಿ ಬೇಕಾಗುವುದಿಲ್ಲ.

ಏಕವಚನದ ಜಗಳವೂ ಅಲ್ಲಿ ಇತ್ತು. 1603ರಲ್ಲಿ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ‘ಐ ದೌ ದೀ, ದೌ ಟ್ರೇಟರ್’ ಅಂದ. ದೌ ಇಲ್ಲಿ ಕ್ರಿಯಾಪದ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪ್ಯಾರಾ ಬೇಕು. ಕನ್ನಡದಲ್ಲಿ ಒಂದೇ ಸಾಲು: ನಿನ್ನನ್ನು ಏಕವಚನದಲ್ಲೇ ಮಾತಾಡಿಸ್ತೀನಿ ಕಣೋ, ದ್ರೋಹಿ. ಬಸ್ಸಿನಲ್ಲಿ ಸೀಟಿನ ಜಗಳ ಕೈಗೆ ಹೋಗುವ ಮುಂಚೆ “ಏಕವಚನದಲ್ಲಿ ಮಾತಾಡಬೇಡಿ” ಅಂತ ಒಬ್ಬರಾದರೂ ಹೇಳುತ್ತಾರಲ್ಲ, ಅದೇ ಹಂತ. ಆ ಶತಮಾನದಲ್ಲೇ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ದೇವರ ಮುಂದೆ ಎಲ್ಲರೂ ಸಮ, ಹಾಗಾಗಿ ಯಾರಿಗೂ ಬಹುವಚನ ಹಾಕುವುದಿಲ್ಲ ಅಂತ ಹಟ ಹಿಡಿದರು. ದೊಡ್ಡವರಿಗೆ ದೌ ಅಂದು ಬೈಗುಳ, ಪೆಟ್ಟು ಎರಡೂ ತಿಂದರು. ಕೊನೆಗೆ ಇಂಗ್ಲಿಷ್ ಸಮನಾಗಿದ್ದು ಅವರು ಬಯಸಿದ ದಾರಿಯಲ್ಲಲ್ಲ. ಎಲ್ಲರಿಗೂ ಬಹುವಚನ ಉಳಿಯಿತು, ಏಕವಚನ ಸತ್ತಿತು. ಯಾರ್ಕ್‌ಷೈರ್‌ನಂಥ ಕೆಲವು ಕಡೆಯ ಹಳೆಯ ಜನರ ಮಾತಿನಲ್ಲಿ ಮಾತ್ರ ದೀ, ದಾ ಅಂತ ಒಂದಿಷ್ಟು ಉಳಿದಿದೆ.

ಒಂದು ಎಚ್ಚರ. ಈ ನೀನು-ನೀವು ಲೆಕ್ಕ ಷೇಕ್ಸ್‌ಪಿಯರ್‌ಗೆ ಸರಿ, ಕಿಂಗ್ ಜೇಮ್ಸ್ ಬೈಬಲ್‌ಗೆ ಹಾಕಬೇಡಿ. ಅಲ್ಲಿ ಒಬ್ಬರಿದ್ದರೆ ದೌ, ಹೆಚ್ಚು ಜನ ಇದ್ದರೆ ಯೀ, ಅಷ್ಟೇ. ರಾಜನಿಗೂ ದೌ, ಸೈತಾನನಿಗೂ ದೌ. ಹೀಬ್ರೂ, ಗ್ರೀಕ್ ಮೂಲದಲ್ಲಿ ಏಕವಚನ ಇದ್ದಲ್ಲಿ ಏಕವಚನ ಇಟ್ಟಿದ್ದಾರೆ. ಒಂದೇ ಕಾಲದ ಎರಡು ಪುಸ್ತಕ, ಒಂದೇ ಪದ, ಕೆಲಸ ಬೇರೆ.

ನಿಜವಾದ ಓಲ್ಡ್ ಇಂಗ್ಲಿಷಿಗೆ ಇಳಿದಾಗ ಹೆದರಿಸುವುದು ವ್ಯಾಕರಣ. ಅಲ್ಲೂ ನಮಗೆ ಅನುಕೂಲವೇ. ವಿಭಕ್ತಿ ಇದೆ ಅಂತ ಇಂಗ್ಲಿಷಿನವರು ಬೆವರುತ್ತಾರೆ. ಸೆ ಕ್ಯೂನಿಂಗ್ ಅಂದರೆ ರಾಜನು, ಥೋನೆ ಕ್ಯೂನಿಂಗ್ ರಾಜನನ್ನು, ಥ್ಯಾಸ್ ಕ್ಯೂನಿಂಗೆಸ್ ರಾಜನ, ಥ್ಯಾಮ್ ಕ್ಯೂನಿಂಗೆ ರಾಜನಿಗೆ. ಈ ‘ಎಸ್’ ಪ್ರತ್ಯಯವೇ ಇಂದು ರಾಜನ ಅನ್ನುವ ಅರ್ಥದಲ್ಲಿ ‘ಕಿಂಗ್ಸ್’ ಅನ್ನುವಾಗ ಅಪಾಸ್ಟ್ರಫಿ ಗುರುತು ಹಾಕಿ ಬರೆಯುವ ಎಸ್. ಪ್ರತ್ಯಯ ಇರುವುದರಿಂದ ಪದಗಳನ್ನು ಹಿಂದೆಮುಂದೆ ಮಾಡಬಹುದು, ‘ರಾವಣನನ್ನು ರಾಮ ಕೊಂದ’ ಅಂದರೂ ಸತ್ತವನು ರಾವಣನೇ ಅಲ್ವಾ, ಹಾಗೆ. ನಾವು ‘ನಾವಿಬ್ಬರು’ ಅನ್ನಬೇಕಾದಲ್ಲಿ ಅವರಿಗೆ ‘ವಿಟ್’ ಅಂತ ಒಂದೇ ಪದ ಇತ್ತು. ಸಂಸ್ಕೃತ ಓದಿದವರಿಗೆ ದ್ವಿವಚನ ಹೊಸದಲ್ಲ.

ಅಕ್ಷರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥಾರ್ನ್ ಅನ್ನುವ ಒಂದು ಅಕ್ಷರ ‘ಥ’, ‘ದ’ ಸದ್ದಿಗೆ ಇತ್ತು. ಕೈಬರಹದಲ್ಲಿ ಅದು ಸವೆದು ವೈ ಅಕ್ಷರದ ಹಾಗೆ ಕಾಣತೊಡಗಿತು, ಅಚ್ಚಿನವರೂ ವೈ ಹಾಕಿದರು. ಹಳೆಯ ಕಾಲದ ಗತ್ತು ತೋರಿಸಲು ಅಂಗಡಿಗಳ ಮೇಲೆ ‘ಯೀ ಓಲ್ಡ್’ ಅಂತ ಬೋರ್ಡ್ ಹಾಕುತ್ತಾರಲ್ಲ, ಅದು ಯೀ ಅಲ್ಲ, ‘ದಿ’.

ಹೊಲದ ಪದಗಳಲ್ಲಿ ಒಂದನ್ನು ಬಿಡಲು ಮನಸ್ಸಿಲ್ಲ. ‘ಏಕರ್’ ಅಂದರೆ ಮೊದಲು ಅಳತೆಯಲ್ಲ, ಬರೀ ಹೊಲ. ಆಮೇಲೆ ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ ಅಂತಾಯಿತು. ‘ಫರ್ಲಾಂಗ್’ ಅಂದರೆ ಫರೋ-ಲಾಂಗ್, ನೇಗಿಲ ಸಾಲಿನ ಉದ್ದ, 220 ಗಜ. ಎಕರೆಯ ಲೆಕ್ಕ 220 ಗಜ ಉದ್ದ, 22 ಗಜ ಅಗಲ, ಒಟ್ಟು 4840 ಚದರ ಗಜ. ಆ 22 ಗಜ ಒಂದು ಚೈನ್, ಕ್ರಿಕೆಟ್ ಪಿಚ್ಚಿನ ಉದ್ದ. ನಮ್ಮ ಪಹಣಿಯಲ್ಲಿ ಎಕರೆಗೆ 40 ಗುಂಟೆ. ಒಂದು ಗುಂಟೆ 121 ಚದರ ಗಜ, ಅಂದರೆ 11 ಗಜಕ್ಕೆ 11 ಗಜ, ಅರ್ಧ ಚೈನಿನ ಚೌಕ. ಇಂಗ್ಲೆಂಡಿನ ಎತ್ತುಗಳು ಒಂದು ದಿನ ಉತ್ತ ನೆಲದ ಲೆಕ್ಕ ಹೀಗೆ ನಮ್ಮ ಆರ್‌ಟಿಸಿಯ ತನಕ ಬಂದು ಕೂತಿದೆ.

ಮ್ಯಾಕ್‌ಬೆತ್ ನಾಟಕದ ಮಾಟಗಾತಿಯರ ಹೆಸರು ‘ವಿಯರ್ಡ್ ಸಿಸ್ಟರ್ಸ್’ ಕೂಡ ಪಟ್ಟಿಯಲ್ಲಿ ಮೇಲೆಯೇ ಇರಬೇಕು. ವಿಚಿತ್ರ ಅಕ್ಕತಂಗಿಯರು ಅಲ್ಲ. ‘ವ್ಯೂರ್ಡ್’ ಅಂದರೆ ವಿಧಿ, ಹಣೆಬರಹ. ಅವರು ಹಣೆಬರಹ ನುಡಿಯುವವರು. ವಿಚಿತ್ರ ಅನ್ನುವ ಅರ್ಥ ಆ ನಾಟಕದ ನೆರಳಿನಲ್ಲೇ ಮುಂದೆ ಬೆಳೆದದ್ದು. ‘ಡೂಮ್’ ಅಂದರೆ ಸರ್ವನಾಶ ಅಲ್ಲ, ತೀರ್ಪು. 1086ರ ಡೂಮ್ಸ್‌ಡೇ ಬುಕ್ ನಿಜದಲ್ಲಿ ಜಮೀನು, ದನ, ನೇಗಿಲು ಎಣಿಸಿದ ಕಂದಾಯದ ಲೆಕ್ಕ. ಅದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇಲ್ಲ ಅಂತ ಜನ ಕಡೆಯ ತೀರ್ಪಿನ ಹೆಸರಿಟ್ಟರು.

ಯಾವ ನಿಘಂಟು ಅಂತ ಎಲ್ಲರೂ ಕೇಳುತ್ತಾರೆ. ಕೈಯಲ್ಲಿರುವ ಚಿಕ್ಕ ನಿಘಂಟು ಇದಕ್ಕೆ ಆಗುವುದಿಲ್ಲ, ಅದು ಈಗಿನ ಅರ್ಥವನ್ನು ಮೊದಲು ಕೊಡುತ್ತದೆ. ಅರ್ಥಗಳನ್ನು ಕಾಲದ ಪ್ರಕಾರ ಜೋಡಿಸಿದ್ದು ಬೇಕು. ಅದಕ್ಕೆ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು. ಮೊದಲ ಕಂತು ಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಪ್ರತಿ ಅರ್ಥಕ್ಕೂ ಇಸವಿ ಸಮೇತ ಬಳಕೆಯ ಸಾಲುಗಳಿವೆ. ನಾನು ಅರ್ಥ ಓದುವ ಮುಂಚೆ ಆ ಸಾಲುಗಳನ್ನೇ ಓದುತ್ತೇನೆ. ಆನ್‌ಲೈನ್‌ನಲ್ಲಿ ಅದಕ್ಕೆ ಚಂದಾ ಇದೆ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ನಮ್ಮಲ್ಲಿ ಇದೇ ಬಗೆಯ ಕೆಲಸ ನೋಡಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತೆಗೆಯಿರಿ, ಶಾಸನ ಮತ್ತು ಕಾವ್ಯದ ಸಾಲುಗಳ ಸಮೇತ ಅರ್ಥ ಕೊಡುತ್ತದೆ.

ಷೇಕ್ಸ್‌ಪಿಯರ್ ಒಬ್ಬನಿಗೇ ಆದರೆ ಅಲೆಕ್ಸಾಂಡರ್ ಸ್ಮಿಟ್ ಅನ್ನುವ ಜರ್ಮನ್ ಮೇಷ್ಟ್ರು 1870ರ ದಶಕದಲ್ಲಿ ಮಾಡಿದ ಪದಕೋಶ ಸಾಕು, ಉಚಿತವಾಗಿ ಸಿಗುತ್ತದೆ. ‘ಆಫ್’, ‘ಬಟ್’ನಂಥ ಚಿಲ್ಲರೆ ಪದಗಳನ್ನೂ ಬಿಟ್ಟಿಲ್ಲ. ಚಾಸರ್ ಕಾಲಕ್ಕೆ ಮಿಶಿಗನ್ ವಿಶ್ವವಿದ್ಯಾಲಯದ ನಿಘಂಟು, ಅದೂ ಉಚಿತ. ಬೇವುಲ್ಫ್ ಕಾಲದ್ದಕ್ಕೆ ಬಾಸ್‌ವರ್ತ್-ಟಾಲರ್. ಇದರ ಅಚ್ಚಿನ ಪ್ರತಿ ಹಿಡಿದರೆ ಮುಖ್ಯ ಸಂಪುಟ ಒಂದೇ ನೋಡಬೇಡಿ, ಟಾಲರ್ ಆಮೇಲೆ ಸೇರಿಸಿದ ಪುರವಣಿಯನ್ನೂ ನೋಡಿ. ಮುಖ್ಯ ಸಂಪುಟದಲ್ಲಿ ಮೊದಲ ಕೆಲವು ಅಕ್ಷರಗಳ ಭಾಗ ಸ್ವಲ್ಪ ಬಡಕಲು. ಟೊರಾಂಟೊ ವಿಶ್ವವಿದ್ಯಾಲಯದವರು ಹೊಸದಾಗಿ ಮಾಡುತ್ತಿರುವ ನಿಘಂಟು ಇನ್ನೂ ಮುಗಿದಿಲ್ಲ, 2018ರ ಹೊತ್ತಿಗೆ ಎ ಅಕ್ಷರದಿಂದ ಐ ತನಕ ಬಂದಿತ್ತು. ಹಾಗಾಗಿ ಡಿಯರ್, ಡೂಮ್, ಹ್ಲಾಫೋರ್ಡ್ ಬೇಕಾದರೆ ಟೊರಾಂಟೊ, ವ್ಯೂರ್ಡ್ ಬೇಕಾದರೆ ಬಾಸ್‌ವರ್ತ್-ಟಾಲರ್.